ಎಮ್ಮೆ ಬಿಟ್ಟು ಹೊರಡುವುದು ಹೇಗೆ

ನಮ್ಮ ಕಾಕಾನ ಮನೆಯ ದನದ ಕೊಟ್ಟಿಗೆಯಲ್ಲಿ, ಬಾಗಿಲಿನ ಒಳಮಗ್ಗುಲಿಗೆ ಒಂದು ಮೊಳೆಯಿದೆ. ಆ ಮೊಳೆಗೆ ಒಂದು ಕುಡಗೋಲು ತೂಗುತ್ತಿರುತ್ತದೆ. ಹುಲ್ಲು ಕೊಯ್ಯಲು ಅದನ್ನು ಯಾರೂ ಮುಟ್ಟುವುದಿಲ್ಲ. ಜೋಳದ ಸುಗ್ಗಿಯಲ್ಲಿ ಆಳಿಗೊಂದು ಕುಡಗೋಲು ಸಾಲದೇ ಹೋದಾಗಲೂ ಪಕ್ಕದ ಮನೆಯಿಂದ ಕಡ ತರುತ್ತಾರೆಯೇ ಹೊರತು ಅದಕ್ಕೆ ಕೈ ಹಾಕುವುದಿಲ್ಲ. ವರ್ಷಕ್ಕೊಮ್ಮೆ, ಮುಂಗಾರು ಹಿಡಿಯುವ ಮೊದಲು, ಕಾಕಾ ಅದನ್ನು ಇಳಿಸಿ ಕಲ್ಲಿಗೆ ಮಸೆದು, ಅಲಗಿಗೆ ಒಂದಿಷ್ಟು ಎಣ್ಣೆ ಸವರಿ, ಮತ್ತೆ ಅಲ್ಲಿಯೇ ತೂಗುಹಾಕುತ್ತಾರೆ. 2009ರ ಪ್ರವಾಹದ ನಂತರ ಹೊಸದಾಗಿ ಕಟ್ಟಿದ ಈ ಕೊಟ್ಟಿಗೆಗೆ ಮೊದಲು ಬಂದ ಸಾಮಾನೇ ಅದು. ಅದಕ್ಕಿರುವ ಕೆಲಸ ಒಂದೇ, ದನದ ಕಣ್ಣಿ ಕೊಯ್ಯುವುದು.

ನಮ್ಮೂರು ಗದಗ ಜಿಲ್ಲೆಯ ರೋಣ ತಾಲ್ಲೂಕಿನಲ್ಲಿ, ಮಲಪ್ರಭೆಯ ದಂಡೆಗಿದೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಮಲೆನಾಡಿನ ಮಳೆಗೆ ಹುಟ್ಟುವ ಈ ಹೊಳೆ ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ನಿಂತು, ಅಲ್ಲಿಂದ ಮುಂದೆ ಬಯಲಿನ ಎರೆ ಭೂಮಿಯನ್ನು ಹಾದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ನಡುದಾರಿಯಲ್ಲಿ ಬೆಣ್ಣೆಹಳ್ಳ ಬಂದು ಕೂಡಿಕೊಳ್ಳುತ್ತದೆ; ಅದಕ್ಕೂ ಮೊದಲೇ ತುಪ್ಪರಿಹಳ್ಳ ಬೆಣ್ಣೆಹಳ್ಳವನ್ನು ಕೂಡಿರುತ್ತದೆ. ಬೆಣ್ಣೆ, ತುಪ್ಪ ಎಂದು ಇಷ್ಟು ಮೆತ್ತಗಿನ ಹೆಸರಿಟ್ಟುಕೊಂಡ ಈ ಎರಡು ಹಳ್ಳಗಳು ನವಲಗುಂದ, ನರಗುಂದ, ರೋಣದ ಕಡೆಯ ಹೊಲಮನೆಗಳನ್ನು ಕಾಡಿದ ಬಗೆಯನ್ನು ಬಲ್ಲವರಿಗೆ, ಹೆಸರಿಟ್ಟವರು ಹೊಳೆಯನ್ನು ಬೇಸಗೆಯಲ್ಲಿ ಮಾತ್ರ ನೋಡಿರಬೇಕು ಎನ್ನಿಸದೆ ಇರದು.

2009 ಬರದ ವರ್ಷವಾಗಿತ್ತು. ದೇಶದ ತುಂಬ ಮುಂಗಾರು ಕೈಕೊಟ್ಟಿತ್ತು. ಧಾರವಾಡದಲ್ಲಿ ಓದುತ್ತಿದ್ದ ನಾನು ದಸರೆಗೆಂದು ಊರಿಗೆ ಬಂದಾಗ, ಕಟ್ಟೆಯ ಮೇಲೆ ಕುಳಿತವರ ಮಾತೆಲ್ಲ ಮೇವಿನದೇ ಆಗಿತ್ತು. ಬನ್ನಿ ಹಂಚಿಕೊಂಡ ಮರುದಿನ ಮೋಡ ಕವಿಯಿತು, ಅದರ ಮರುದಿನ ಮಳೆ ಹಿಡಿಯಿತು, ಅಕ್ಟೋಬರ್ 2ರ ಹೊತ್ತಿಗೆ ಉತ್ತರ ಕರ್ನಾಟಕದ ಅರ್ಧಕ್ಕರ್ಧ ನೀರಿನಲ್ಲಿತ್ತು. ಅತ್ತ ತುಂಗಭದ್ರೆ ಮಂತ್ರಾಲಯವನ್ನು ಮುಳುಗಿಸಿತು, ಇನ್ನೂ ಕೆಳಗೆ ಕರ್ನೂಲು ಪಟ್ಟಣವೇ ಮುಳುಗಿತು. ಮಳೆ ಬಂದದ್ದು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ. ಸುರಿದದ್ದು ಸಹ್ಯಾದ್ರಿಯ ಮೇಲಲ್ಲ, ಎಂದೂ ಅಷ್ಟು ಮಳೆ ಕಾಣದ ಬಯಲಿನ ಮೇಲೆ. ಆದ್ದರಿಂದ ಹೊಳೆಯ ಮೇಲ್ಗಡೆ ನೋಡುತ್ತಿದ್ದ ಊರಿಗೆ ನೀರು ಹೊಲದ ಕಡೆಯಿಂದ ಬಂತು.

ರಾತ್ರಿ ಓಣಿಯಲ್ಲಿ ಯಾರೋ "ಹೊಳಿ ಬಂತು" ಎಂದು ಕೂಗಿದಾಗ ನಮ್ಮ ಮನೆಯಲ್ಲಿ ಎಲ್ಲರೂ ಎದ್ದೇ ಇದ್ದೆವು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಯ ದಿಬ್ಬದ ಕಡೆ ಹೊರಡಬೇಕು, ಅಷ್ಟೇ. ಆಯಿ ಮಾತ್ರ ಕೊಟ್ಟಿಗೆಯ ಬಾಗಿಲಲ್ಲಿ ನಿಂತುಬಿಟ್ಟಿದ್ದಳು. "ಎಮ್ಮಿ ಬಿಟ್ಟ ಹೆಂಗ ಬರ್ಲೋ ತಮ್ಮಾ?" ಎಂಬುದು ಅವಳ ಪ್ರಶ್ನೆ. ಅದಕ್ಕೆ ಉತ್ತರ ಕೊಡುವ ಬದಲು ಕಾಕಾ ಮತ್ತು ನಾನು ಎಮ್ಮೆ ಬಿಚ್ಚಲು ಒಳಗೆ ಹೋದೆವು. ನೀರು ಮೊಣಕಾಲಿಗಿತ್ತು. ನಾಲ್ಕು ಎಮ್ಮೆ, ಒಂದು ಕರು. ಪುಂಡಿನಾರಿನ ಹಗ್ಗದ ಕಾಲ ಮುಗಿದು ಎಲ್ಲ ಕಣ್ಣಿಗಳೂ ನೈಲಾನಿನವಾಗಿದ್ದವು; ಹೆದರಿದ ದನ ಹಿಂದಕ್ಕೆ ಜಗ್ಗಿದಷ್ಟೂ ತೊಯ್ದ ನೈಲಾನಿನ ಗಂಟು ಬಿಗಿಯುತ್ತ ಹೋಗುತ್ತದೆ ಎಂಬುದು ನನಗೆ ತಿಳಿದದ್ದು ಆಗಲೇ. ಗೂಟ ನೀರಿನಡಿಯಲ್ಲಿತ್ತು, ಬ್ಯಾಟರಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದೆ, ಕುಡಗೋಲು ಅಟ್ಟದ ಮೇಲೆಲ್ಲೋ ಇತ್ತು. ಎರಡು ಎಮ್ಮೆಗಳನ್ನು ಬಿಚ್ಚುವಷ್ಟರಲ್ಲಿ ನೀರು ಸೊಂಟಕ್ಕೆ ಬಂತು. ಮೂರನೆಯದು ತಾನೇ ಗೂಟ ಕಿತ್ತುಕೊಂಡು ಹೋಯಿತು. ಇನ್ನೊಂದು ಎಮ್ಮೆಯೂ ಕರುವೂ ಕಟ್ಟಿದಲ್ಲಿಯೇ ಉಳಿದವು. ಊರು ಬಿಡಲು ನಮಗೆ ಸಿಕ್ಕಿದ್ದ ಅರ್ಧ ಗಂಟೆ ಹೀಗೆ ಗಂಟು ಬಿಚ್ಚುವುದರಲ್ಲಿ ಕಳೆದುಹೋಯಿತು, ಮತ್ತು ನಾವು ಬದುಕಿ ಉಳಿದದ್ದು ನಮ್ಮ ಜಾಣತನದಿಂದಲ್ಲ, ನಮ್ಮ ಗೋಡೆ ಇನ್ನೊಂದು ತಾಸು ತಡೆದು ಬಿದ್ದದ್ದರಿಂದ.

ಆ ನಾಲ್ಕಾರು ದಿನಗಳಲ್ಲಿ ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಪ್ರವಾಹ ಎಂದೊಡನೆ ಕಣ್ಣ ಮುಂದೆ ಬರುವುದು ಕೊಚ್ಚಿಹೋಗುವ ಮನುಷ್ಯ. ನಮ್ಮ ಸೀಮೆಯಲ್ಲಿ ಸತ್ತವರಲ್ಲಿ ಬಹಳ ಜನ ಸತ್ತದ್ದು ತಮ್ಮದೇ ಮನೆಯ ಗೋಡೆಯಡಿ. ಮಣ್ಣಿನ ಮಾಳಿಗೆಯ ಮನೆ ಬಿಸಿಲಿಗೆಂದು ಕಟ್ಟಿದ್ದು. ತೊಲೆ, ಜಂತಿಗಳ ಮೇಲೆ ಕಟ್ಟಿಗೆ ಹಾಸಿ, ಅದರ ಮೇಲೆ ಗೇಣುಗಟ್ಟಲೆ ಮಣ್ಣು ಬಡಿದರೆ ಮೇ ತಿಂಗಳಲ್ಲೂ ಪಡಸಾಲೆ ತಣ್ಣಗಿರುತ್ತದೆ. ಮೂರು ದಿನ ಬಿಡದೆ ಮಳೆಯಾದರೆ ಅದೇ ಮೇಲ್ಮುದ್ದೆ ನೀರು ಕುಡಿದು ಭಾರವಾಗುತ್ತದೆ, ಕೆಳಗೆ ಗೋಡೆಯ ಬುಡ ನೆನೆದು ಮೆತ್ತಗಾಗುತ್ತದೆ. ಭಾರ ಹೆಚ್ಚಿದ ಹೊತ್ತಿಗೇ ಹೊರುವ ಕಾಲು ಸೋಲುತ್ತದೆ. ನೀರು ಇಳಿದ ಮೇಲೂ ಅಪಾಯ ಇಳಿಯುವುದಿಲ್ಲ. ಬಿಸಿಲು ಬಿದ್ದು ಹೊರಮೈ ಒಣಗಿ ಒಳಮೈ ಹಸಿಯಿರುವಾಗ ಗೋಡೆ ಬಿರಿಯುತ್ತದೆ, ಮತ್ತು ಅಷ್ಟರಲ್ಲಿ ಜನ "ಹೊಳೆ ಇಳೀತು" ಎಂದು ಕೆಸರು ಬಳಿಯಲು ಒಳಗೆ ಹೋಗಿರುತ್ತಾರೆ. ಮಾಳಿಗೆಯ ಮನೆಯನ್ನು ದೂಷಿಸಲು ಇದನ್ನು ಹೇಳುತ್ತಿಲ್ಲ. ಗೋಡೆಯ ಬುಡಕ್ಕೆ ಎರಡು ಮೊಳ ಕಲ್ಲುಗಟ್ಟಣೆ ಇದ್ದ ಮನೆಗಳು ನಮ್ಮ ಓಣಿಯಲ್ಲಿಯೇ ಇಂದಿಗೂ ನಿಂತಿವೆ. ಹೊಳೆ ಬರುವುದು ನಿಸರ್ಗದ ಕೆಲಸವೇ ಇರಬಹುದು, ಬುಡಕ್ಕೆ ಕಲ್ಲು ಇಲ್ಲದಿರುವುದು ನಿಸರ್ಗದ ಕೆಲಸವಲ್ಲ.

ಹೊಳೆಯ ಪಾತ್ರದ ಕತೆಯೂ ಅಷ್ಟೇ. ಅಣೆಕಟ್ಟು ಆದ ಮೇಲೆ ವರ್ಷದ ಬಹುಕಾಲ ಮಲಪ್ರಭೆಯಲ್ಲಿ ನೀರೇ ಇರುವುದಿಲ್ಲ. ಒಣಗಿದ ಹೊಳೆಯ ಒಳಗೆ ಜಾಲಿ ಬೆಳೆಯಿತು, ದಂಡೆಯ ಹೊಲಗಳು ವರ್ಷಕ್ಕೊಂದು ಸಾಲಿನಂತೆ ಒಳಗೆ ಸರಿದವು. ಇದರಲ್ಲಿ ನಮ್ಮ ಮನೆತನದ ಎರಡು ಸಾಲುಗಳೂ ಸೇರಿವೆ, ಅದನ್ನು ಮುಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ. ಹೊಳೆಯ ಜಾಗವನ್ನು ನಾವು ಉತ್ತಿದ್ದೇವೆ, ಹೊಳೆ ಬಂದಾಗ ನಮ್ಮ ಅಂಗಳದಲ್ಲಿ ಜಾಗ ಕೇಳುತ್ತದೆ.

ಆ ಪ್ರವಾಹದ ನಂತರ ಸರ್ಕಾರ "ಆಸರೆ" ಎಂಬ ಹೆಸರಿನಲ್ಲಿ, ದಾನಿಗಳ ನೆರವು ಪಡೆದು, ಊರುಗಳನ್ನೇ ಎತ್ತರದ ಜಾಗಕ್ಕೆ ಸಾಗಿಸುವ ಕೆಲಸಕ್ಕೆ ಕೈ ಹಾಕಿತು. ನಮಗೂ ಒಂದು ಮನೆ ಬಂತು: ಎರಡು ಕೋಣೆ, ಒಂದು ಅಡುಗೆಮನೆ, ಆರ್‌ಸಿಸಿ ಚಾವಣಿ. ಹೊಳೆಯಿಂದ ದೂರ, ಗಟ್ಟಿ ನೆಲ, ಗಟ್ಟಿ ಗೋಡೆ. ಆಯಿ ಅಲ್ಲಿ ಒಂದೇ ರಾತ್ರಿ ಮಲಗಿ ಬೆಳಗ್ಗೆ ಎದ್ದು ಹಳೆಯ ಊರಿಗೆ ನಡೆದು ಬಂದಳು. "ಅದು ಮನಿ ಅಲ್ಲೋ, ಡಬ್ಬಿ" ಎಂದಳು. ಅವಳ ಮಾತನ್ನು ಮುದುಕಿಯ ಹಟ ಎಂದು ಆಗ ನಾನು ನಕ್ಕಿದ್ದೆ. ಈಗ ಯೋಚಿಸಿದರೆ ಅವಳು ಹೇಳಿದ್ದರಲ್ಲಿ ಒಂದೊಂದೂ ಲೆಕ್ಕಕ್ಕೆ ಸಿಗುವ ಮಾತು. ಎಮ್ಮೆ ಕಟ್ಟಲು ಜಾಗವಿಲ್ಲ. ಬಣವೆ ಒಟ್ಟಲು ಹಿತ್ತಲಿಲ್ಲ. ಕಟ್ಟಿಗೆ ಒಲೆ ಹೂಡಿದರೆ ಹೊಗೆ ಹೋಗಲು ಬೆಳಕಿಂಡಿಯಿಲ್ಲ. ಹೊಲಕ್ಕೆ ಹೋಗಿ ಬರುವುದು ಮೊದಲಿನ ಮೂರು ಪಟ್ಟು ದೂರ. ಇಬ್ಬರು ಅಣ್ಣತಮ್ಮಂದಿರ ಸಂಸಾರಕ್ಕೆ ಒಂದೇ ಬಾಗಿಲು. ಆಲಮಟ್ಟಿಯ ಹಿನ್ನೀರಿಗೆ ಊರು ಕಳೆದುಕೊಂಡ ಬಾಗಲಕೋಟೆ ಕಡೆಯ ನಮ್ಮ ಬೀಗರು ಇದನ್ನೆಲ್ಲ ಮೊದಲೇ ಅನುಭವಿಸಿದ್ದರು. ಅವರ ಮಾತಿನಲ್ಲಿ "ಮುಳುಗಡೆ" ಎಂಬ ಪದ ನೀರಿಗೆ ಎಷ್ಟು ಸಲ್ಲುತ್ತದೋ ಹೊಸ ಊರಿನ ಬದುಕಿಗೂ ಅಷ್ಟೇ ಸಲ್ಲುತ್ತಿತ್ತು. ಆದರೆ ಅವರನ್ನು ಕೇಳಿ ಮನೆಯ ನಕ್ಷೆ ಹಾಕಿದವರು ಯಾರೂ ಇರಲಿಲ್ಲ.

ಹೀಗೆ ಆಸರೆ ಮನೆಗಳು ಹತ್ತು ವರ್ಷ ಬಹುಮಟ್ಟಿಗೆ ಬೀಗ ಹಾಕಿಕೊಂಡೇ ಇದ್ದವು. ಕೆಲವಕ್ಕೆ ಬಾಗಿಲು ಹೋದವು, ಕೆಲವದರ ಅಂಗಳದಲ್ಲಿ ಜಾಲಿ ಬೆಳೆಯಿತು. ಪತ್ರಿಕೆಗಳಲ್ಲಿ "ಪಾಳು ಬಿದ್ದ ಆಸರೆ" ಎಂಬ ವರದಿ ವರ್ಷಕ್ಕೊಮ್ಮೆ ತಪ್ಪದೆ ಬರುತ್ತಿತ್ತು. ಯೋಜನೆ ಸೋತಿತು ಎಂದೇ ಎಲ್ಲರ ಲೆಕ್ಕ.

2019ರ ಆಗಸ್ಟ್ 5ಕ್ಕೆ ನಾಗರ ಪಂಚಮಿ. ನಮ್ಮ ಕಡೆ ಪಂಚಮಿ ಎಂದರೆ ಗಂಡನ ಮನೆಯಲ್ಲಿರುವ ಹೆಣ್ಣುಮಕ್ಕಳೆಲ್ಲ ತವರಿಗೆ ಬರುವ ಹಬ್ಬ. ಮನೆ ಮನೆಗೂ ಜೋಕಾಲಿ, ಡಬ್ಬಿ ತುಂಬ ಉಂಡಿ, ಊರಿನ ಜನಸಂಖ್ಯೆ ಒಂದೂವರೆ ಪಟ್ಟು. ಆ ವಾರವೇ ಘಟ್ಟದ ಮೇಲೆ ಮಳೆ ಮುರಿದುಕೊಂಡು ಬಿತ್ತು. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಟ್ಟಿಗೆ ಏರಿದವು. ಗೋಕಾಕ, ರಾಮದುರ್ಗ, ಕೊಣ್ಣೂರು, ಹೊಳೆಆಲೂರು ಎಂದು ದಿನಕ್ಕೊಂದು ಹೆಸರು ಟಿವಿಯಲ್ಲಿ ಬಂತು. ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲಿ ಹೊಳೆ ನಿಂತಿತು. ಈ ಸಲ ನೀರು ಬರುವುದು ಮೊದಲೇ ಗೊತ್ತಿತ್ತು. ಪಂಚಾಯಿತಿಯವರು ಆಟೊಗೆ ಮೈಕು ಕಟ್ಟಿ ಸಾರಿದರು, ಎಲ್ಲರ ಮೊಬೈಲಿಗೂ ಸಂದೇಶ ಬಂತು. ಸಂದೇಶದಲ್ಲಿ ಇದ್ದದ್ದು ನವಿಲುತೀರ್ಥದಿಂದ ಇಷ್ಟು ಸಾವಿರ ಕ್ಯೂಸೆಕ್ ನೀರು ಬಿಡಲಾಗಿದೆ, ನದಿಪಾತ್ರದ ಜನ ಎಚ್ಚರದಿಂದ ಇರಬೇಕು ಎಂದು. ಕಾಕಾ ಅದನ್ನು ಓದಿಸಿಕೊಂಡು ಕೇಳಿದರು: "ಅಷ್ಟು ಕ್ಯೂಸೆಕ್ ಅಂದ್ರ ನಮ್ಮ ಅಂಗಳದಾಗ ಎಷ್ಟಪಾ?"

ನನ್ನ ದೃಷ್ಟಿಯಲ್ಲಿ ಮುನ್ಸೂಚನೆಯ ಇಡೀ ಶಾಸ್ತ್ರ ಈ ಒಂದು ಪ್ರಶ್ನೆಯ ಮುಂದೆ ಬಂದು ನಿಲ್ಲುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಒಂದು ಲಕ್ಷ ಕ್ಯೂಸೆಕ್ ಒಂದು ದಿನ ಹರಿದರೆ 8.64 ಟಿಎಂಸಿ, ನವಿಲುತೀರ್ಥದ ಇಡೀ ಜಲಾಶಯದ ಸಾಮರ್ಥ್ಯವೇ 37.73 ಟಿಎಂಸಿ, ಅಂದರೆ ತುಂಬಿದ ಜಲಾಶಯ ನಾಲ್ಕೂವರೆ ದಿನದೊಳಗೆ ಖಾಲಿಯಾಗುವಷ್ಟು ನೀರು. ಈ ಲೆಕ್ಕ ನನಗೆ ಸಮಾಧಾನ ಕೊಟ್ಟಿತು, ಕಾಕಾಗೆ ಕೊಡಲಿಲ್ಲ, ಕೊಡಬೇಕಾಗಿಯೂ ಇರಲಿಲ್ಲ. ಅವರಿಗೆ ಉತ್ತರ ಕೊಟ್ಟದ್ದು ನಮ್ಮೂರ ಶಾಲೆಯಲ್ಲಿದ್ದು ನಿವೃತ್ತರಾದ ಮಾಸ್ತರರು. ಅವರು 2009ರ ನೀರಿನ ಗುರುತನ್ನು ಹನುಮಪ್ಪನ ಗುಡಿಯ ಹಿಂಬದಿಯ ಗೋಡೆಗೆ ಕೆಂಪು ಬಣ್ಣದಲ್ಲಿ ಹಾಕಿಸಿದ್ದರು. ನಂತರದ ವರ್ಷಗಳಲ್ಲಿ ಹೊಳೆಗೆ ನೀರು ಬಿಟ್ಟಾಗಲೆಲ್ಲ, ಪತ್ರಿಕೆಯಲ್ಲಿ ಬಂದ ಕ್ಯೂಸೆಕ್ಕಿನ ಅಂಕಿ, ನೀರು ಊರು ಮುಟ್ಟಿದ ಹೊತ್ತು, ಅದು ಏರಿದ ಮೆಟ್ಟಿಲು, ಈ ಮೂರನ್ನೂ ಹಾಜರಿ ಪುಸ್ತಕದಂತಹ ಒಂದು ಉದ್ದನೆಯ ವಹಿಯಲ್ಲಿ ಬರೆದಿಟ್ಟುಕೊಂಡಿದ್ದರು. ಆ ಸಂಜೆ ವಹಿ ತೆರೆದು ನೋಡಿ ಅವರು ಹೇಳಿದ್ದು, "ನಾಳೆ ಮುಂಜಾನೆಗೆ ಗುಡಿಯ ಕಟ್ಟಿ ಮುಳಗತೈತಿ. ಬೆಣ್ಣಿಹಳ್ಳ ಕೂಡಿದ್ರ ಕೆಂಪು ಗೆರಿ." ಕ್ಯೂಸೆಕ್ಕಿಗೆ ಯಾರೂ ಏಳಲಿಲ್ಲ, ಕೆಂಪು ಗೆರೆ ಎಂದೊಡನೆ ಊರೆಲ್ಲ ಎದ್ದಿತು.

ಬೆಣ್ಣೆಹಳ್ಳ ಕೂಡಿದ್ರ ಎಂಬ ಆ ಒಂದು ಮಾತನ್ನು ಗಮನಿಸಬೇಕು. ಅಣೆಕಟ್ಟಿನ ನೀರಿಗೆ ಗೇಟು ತೆಗೆಯುವವರಿದ್ದಾರೆ, ಸಂದೇಶ ಕಳಿಸುವವರಿದ್ದಾರೆ. ಹಳ್ಳಕ್ಕೆ ಗೇಟಿಲ್ಲ. ಮೇಲಿನ ಎರೆಹೊಲಗಳಲ್ಲಿ ಎಷ್ಟು ಮಳೆಯಾಯಿತು ಎಂಬುದೊಂದೇ ಅದರ ಸಂದೇಶ. ಕರ್ನಾಟಕದಲ್ಲಿ ಆ ಮಳೆಯನ್ನು ಅಳೆಯುವ ವ್ಯವಸ್ಥೆ ಒಳ್ಳೆಯದಿದೆ. 1988ರಲ್ಲಿ ಬರದ ಮೇಲೆ ನಿಗಾ ಇಡಲೆಂದು ಹುಟ್ಟಿದ ಕೋಶವೇ ಬೆಳೆದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದ್ದು, ಪಂಚಾಯಿತಿ ಮಟ್ಟದಲ್ಲಿಯೇ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. ನವಲಗುಂದದ ಮಳೆಮಾಪಕಕ್ಕೂ ಮಾಸ್ತರರ ವಹಿಗೂ ನಡುವೆ ಒಂದು ದಾರ ಕಟ್ಟಬೇಕು, ಅಷ್ಟೇ. ಅದು ದೊಡ್ಡ ಖರ್ಚಿನ ಕೆಲಸವಲ್ಲ; ದೊಡ್ಡ ಖರ್ಚಿನದಲ್ಲದ ಕಾರಣಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲವೇನೋ ಎಂಬ ಅನುಮಾನ ನನಗಿದೆ.

2019ರಲ್ಲಿ ಊರು ಹೋಗಿ ಸೇರಿದ್ದು, ಹತ್ತು ವರ್ಷ ಪಾಳು ಬಿದ್ದಿದ್ದ ಆ ಆಸರೆ ಮನೆಗಳಿಗೆ. ಬೀಗದ ಕೈ ಕಳೆದವರು ಬೀಗ ಒಡೆದರು, ಜಾಲಿ ಕಡಿದು ಎಮ್ಮೆ ಕಟ್ಟಿದರು, ಒಂದೊಂದು ಮನೆಯಲ್ಲಿ ಮೂರು ಮೂರು ಸಂಸಾರ, ಪಂಚಮಿಗೆ ಬಂದ ಹೆಣ್ಣುಮಕ್ಕಳು, ಅವರ ಮಕ್ಕಳು. ನಮ್ಮೂರಲ್ಲಿ ಆ ಸಲ ಒಂದು ಜೀವವೂ ಹೋಗಲಿಲ್ಲ. ಮನೆಯಾಗಿ ಸೋತದ್ದು ತಂಗುದಾಣವಾಗಿ ಗೆದ್ದಿತು. ಇದನ್ನು ಯೋಜನೆಯ ಯಶಸ್ಸು ಎಂದು ಬರೆದುಕೊಳ್ಳುವವರಿಗೆ ನನ್ನ ತಕರಾರಿದೆ, ಏಕೆಂದರೆ ಅದು ಯಾರ ಯೋಜನೆಯೂ ಆಗಿರಲಿಲ್ಲ. ಎರಡು ಕೋಣೆಯ ಬದಲು ಒಂದು ಕೋಣೆ, ಒಂದು ಕೊಟ್ಟಿಗೆ, ಒಂದು ನೀರಿನ ಟಾಕಿ ಎಂದು ಮೊದಲೇ ಯೋಚಿಸಿದ್ದರೆ ಅಷ್ಟೇ ದುಡ್ಡಿನಲ್ಲಿ ಹತ್ತು ವರ್ಷ ಉಪಯೋಗಕ್ಕೆ ಬರುವ ವಸ್ತು ಆಗುತ್ತಿತ್ತು.

ಆಸರೆ ಸಿಗದ ಊರುಗಳವರು ಸರ್ಕಾರ ತೆರೆದ ಕೇಂದ್ರಗಳಿಗೆ ಹೋದರು. ಮೊದಲು ಅವನ್ನು ಗಂಜಿ ಕೇಂದ್ರ ಎನ್ನುತ್ತಿದ್ದರು. ಈಗ ಕಾಳಜಿ ಕೇಂದ್ರ. ಹೆಸರು ಬದಲಿಸಿದರೆ ಏನಾಯಿತು ಎಂದು ನಗುವವರಿದ್ದಾರೆ. ರೊಟ್ಟಿ ತಿನ್ನುವ ನಾಡಿನಲ್ಲಿ ಗಂಜಿ ಎಂದರೆ ಜ್ವರ ಬಂದವರಿಗೆ ಅಥವಾ ಗತಿಯಿಲ್ಲದವರಿಗೆ. ಹತ್ತು ಎಕರೆಯ ಒಡತಿಯಾದ ಮುದುಕಿ ಮನೆ ಬಿಟ್ಟು ಗಂಜಿ ಕೇಂದ್ರಕ್ಕೆ ಹೋಗಲು ಒಪ್ಪದಿದ್ದರೆ, ಅವಳನ್ನು ತಡೆದದ್ದು ಆ ಪದವೂ ಹೌದು. ಆ ವರ್ಷ ನೀರು ಬಾರದ ಊರುಗಳ ಹೆಂಗಸರು ಖಡಕ್ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕಟ್ಟಿ, ಟ್ರ್ಯಾಕ್ಟರು, ಲಾರಿಗಳಲ್ಲಿ ಕಳಿಸಿದರು. ವಾರಗಟ್ಟಲೆ ಕೆಡದ, ಒಲೆ ಬೇಡದ, ನೀರು ಬೇಡದ ಊಟ ನಮ್ಮ ಅಟ್ಟದ ಮೇಲೆ ಯಾವಾಗಲೂ ಇದೆ. ವಿಪತ್ತಿನ ಸಿದ್ಧತೆ ಎಂದು ಅದಕ್ಕೆ ಯಾರೂ ಹೆಸರಿಟ್ಟಿಲ್ಲ.

ಎಮ್ಮೆಯ ವಿಷಯಕ್ಕೆ ಮರಳುತ್ತೇನೆ. "ಜನ ಮೊಂಡರು, ಹೇಳಿದರೂ ಮನೆ ಬಿಡುವುದಿಲ್ಲ" ಎಂಬ ಮಾತನ್ನು ಪ್ರತಿ ಪ್ರವಾಹದಲ್ಲೂ ಕೇಳುತ್ತೇನೆ. ದಿನಕ್ಕೆ ಎರಡು ಹೊತ್ತು ಡೇರಿಗೆ ಹಾಲು ಹಾಕಿ ವಾರಕ್ಕೊಮ್ಮೆ ಬಟವಾಡೆ ತರುವ ಹೆಂಗಸಿಗೆ ಎಮ್ಮೆ ಬಿಟ್ಟು ಬಾ ಎನ್ನುವುದೂ, ಸಂಬಳದವನಿಗೆ ನೌಕರಿ ಬಿಟ್ಟು ಬಾ ಎನ್ನುವುದೂ ಒಂದೇ. ಸತ್ತರೆ ಪರಿಹಾರವಿದೆ ನಿಜ. ಕೊಚ್ಚಿಹೋದ ಎಮ್ಮೆಗೆ ಪಂಚನಾಮೆ ಎಲ್ಲಿ ಮಾಡಿಸುವುದು? ಈ ಸಂಗತಿಯನ್ನು ನಮಗಿಂತ ಬಡವರೂ ನಮಗಿಂತ ಹೆಚ್ಚು ಮುಳುಗಿದವರೂ ಆದ ಬಾಂಗ್ಲಾದೇಶದವರು ಐವತ್ತು ವರ್ಷಗಳ ಹಿಂದೆಯೇ ಅರಿತಿದ್ದರು. 1970ರ ನವೆಂಬರ್‌ನ ಭೋಲಾ ಚಂಡಮಾರುತದಲ್ಲಿ ಅಲ್ಲಿ ಕನಿಷ್ಠ 3 ಲಕ್ಷ ಜನ ಸತ್ತರು. ಆಮೇಲೆ ಅಲ್ಲಿ ಊರೂರಿಗೆ ಸ್ವಯಂಸೇವಕರ ಪಡೆ ಕಟ್ಟಿ, ಕೈಯಲ್ಲಿ ಮೆಗಾಫೋನು, ಬಾವುಟ ಕೊಟ್ಟರು. ಜೊತೆಗೆ ಕರಾವಳಿಯಲ್ಲಿ ಮಣ್ಣು ಪೇರಿಸಿ ಎತ್ತರದ ದಿಬ್ಬಗಳನ್ನು ಮಾಡಿದರು, ದನಕರು ನಿಲ್ಲಲೆಂದೇ. ಅವಕ್ಕೆ ಅಲ್ಲಿ ಕಿಲ್ಲಾ ಎನ್ನುತ್ತಾರೆ. ನಮ್ಮ ಕಡೆಯೂ ಕಿಲ್ಲಾ ಎಂದರೆ ಕೋಟೆ. ಆದರೆ ಎಮ್ಮೆಗೆಂದು ಕೋಟೆ ಕಟ್ಟಿದ ದೊರೆ ನಮ್ಮ ಇತಿಹಾಸದಲ್ಲಿ ಸಿಗಲಾರನು. ಒಡಿಶಾದಲ್ಲಿ 1999ರ ಚಂಡಮಾರುತಕ್ಕೆ ಸುಮಾರು 10 ಸಾವಿರ ಜನ ಬಲಿಯಾದರೆ, 2013ರ ಫೈಲಿನ್ ಬಂದಾಗ ಸುಮಾರು 10 ಲಕ್ಷ ಜನರನ್ನು ಮೊದಲೇ ಸಾಗಿಸಿದ್ದರಿಂದ ಸಾವು ಐವತ್ತನ್ನು ಮುಟ್ಟಲಿಲ್ಲ.

ಹಣವಿಲ್ಲ ಎನ್ನುವಂತಿಲ್ಲ. 15ನೇ ಹಣಕಾಸು ಆಯೋಗ ರಾಜ್ಯಗಳ ವಿಪತ್ತು ನಿಧಿಯ ನೂರು ರೂಪಾಯಿಯಲ್ಲಿ 20ನ್ನು ವಿಪತ್ತು ತಗ್ಗಿಸುವ ಕಾಮಗಾರಿಗೆ, 10ನ್ನು ಸಿದ್ಧತೆಗೆ ಎಂದು ಬೇರೆ ಮಾಡಿತು. ಉಳಿದ 70 ಆದ ಮೇಲಿನ ಪರಿಹಾರಕ್ಕೆ, ಮರುನಿರ್ಮಾಣಕ್ಕೆ. ಆದರೆ ಊರಿನಲ್ಲಿ ಮಾತು ನಡೆಯುವುದು ಆ ಎಪ್ಪತ್ತರ ಸುತ್ತಲೇ. 2019ರ ನಂತರ ಎರಡು ವರ್ಷ ನಮ್ಮ ಕಟ್ಟೆಯ ಮೇಲೆ ಕೇಳಿಬಂದದ್ದು ಒಂದೇ ಚರ್ಚೆ: ಯಾರ ಮನೆ ಎ ಕೆಟಗರಿ, ಯಾರದು ಸಿ ಕೆಟಗರಿ. ಪೂರ್ತಿ ಬಿದ್ದರೆ 5 ಲಕ್ಷ, ಸ್ವಲ್ಪ ಬಿದ್ದರೆ 50 ಸಾವಿರ ಎಂದಾಗ, ಬೀಳದ ಹಾಗೆ ಬುಡಕ್ಕೆ ಕಲ್ಲು ಕಟ್ಟಿದವನು ಪೆದ್ದನಾಗುತ್ತಾನೆ. ಕಲ್ಲಿಗೆ ಕೊಡುವ ಕೆಟಗರಿ ಇಲ್ಲ.

ಕಾಗದದ ಮೇಲೆ ಸಿದ್ಧತೆಯೂ ಇದೆ. ನೆರೆಯ ಊರೊಂದರಲ್ಲಿ ಗ್ರಾಮದ ವಿಪತ್ತು ನಿರ್ವಹಣಾ ಯೋಜನೆ ಎಂಬ ಕಡತವನ್ನು ನೋಡುವ ಅವಕಾಶ ಸಿಕ್ಕಿತ್ತು. ಅಂದವಾಗಿತ್ತು. ಈಜು ಬಲ್ಲವರ ಪಟ್ಟಿಯಲ್ಲಿ ಆರು ಹೆಸರು. ಅವರಲ್ಲಿ ಮೂವರು ದುಡಿಯಲು ಗೋವಾಕ್ಕೆ ಹೋಗಿ ನಾಲ್ಕು ವರ್ಷವಾಗಿತ್ತು, ಒಬ್ಬರು ತೀರಿಕೊಂಡಿದ್ದರು.

ಹೋದ ಯುಗಾದಿಗೆ ಊರಿಗೆ ಹೋದಾಗ ಕಟ್ಟೆಯ ಮೇಲೆ ನಾನೊಂದು ಮಾತು ತೆಗೆದೆ. ಅಣಕು ಕವಾಯತು ಎಂದು ಅಧಿಕಾರಿಗಳು ಬಂದು ಮಾಡಿಸಿದರೆ ಜನ ನೋಡಲು ನಿಲ್ಲುತ್ತಾರೆ, ಮಾಡುವುದಿಲ್ಲ. ಕಾರಹುಣ್ಣಿಮೆ ಬರುವುದು ಮುಂಗಾರಿನ ಬಾಯಲ್ಲಿಯೇ. ಅಂದು ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಮೆರವಣಿಗೆ ಮಾಡಿ, ಸಂಜೆ ಕರಿ ಹರಿಯುವುದು ಹೇಗೂ ಇದ್ದೇ ಇದೆ. ಆ ಮೆರವಣಿಗೆಯನ್ನು ಊರ ಅಗಸೆಯಲ್ಲಿ ಮುಗಿಸುವ ಬದಲು ಆಸರೆ ಮನೆಗಳವರೆಗೆ ಒಯ್ದರೆ, ದನಕ್ಕೂ ದಾರಿ ರೂಢಿಯಾಗುತ್ತದೆ, ಎಷ್ಟು ಹೊತ್ತು ಬೇಕು ಎಂಬುದೂ ತಿಳಿಯುತ್ತದೆ. ಹಿರಿಯರು ತಲೆದೂಗಿದರು. ಮಾಸ್ತರರು ವಹಿ ತರಿಸಿದರು. ನನಗೆ ನನ್ನ ಜಾಣತನದ ಬಗ್ಗೆ ಸ್ವಲ್ಪ ಹೆಮ್ಮೆಯೇ ಆಗುತ್ತಿತ್ತು.

ಚಹಾ ತಂದ ಚಿಗವ್ವ ಕಪ್ಪು ಬಸಿ ಇಡುತ್ತ ಕೇಳಿದಳು: "ಕಾರಹುಣ್ಣಿವಿ ಎತ್ತಿನ ಹಬ್ಬ. ಎತ್ತು ಗಂಡಸ್ರು ಹೊಡಕೊಂಡ ಹೊಕ್ಕಾರ. ಎಮ್ಮಿ ಯಾರು ಹೊಡಕೊಂಡ ಹೋಗೂದು? ಹಗಲೊತ್ತಿನ್ಯಾಗ ಹೊಳಿ ಬಂದ್ರ ನೀವೆಲ್ಲಾ ಹೊಲದಾಗ ಇರ್ತೀರಿ, ಕೊಟ್ಟಿಗ್ಯಾಗ ಇರಾವ್ರು ನಾವು. ಆ ಕುಡಗೋಲು ನಂಗ ಎಟಕೂದs ಇಲ್ಲ."

ಆ ಮಾತಿಗೆ ಕಟ್ಟೆಯ ಮೇಲೆ ಯಾರೂ ಉತ್ತರ ಕೊಡಲಿಲ್ಲ. ಮಾಸ್ತರರು ವಹಿಯ ಹೊಸ ಹಾಳೆ ತಿರುವಿ, ಯಾರ ಎಮ್ಮೆಯನ್ನು ಯಾರು ಬಿಚ್ಚಬೇಕು, ಯಾವ ಓಣಿಯಿಂದ ಹೊರಡಬೇಕು ಎಂದು ಚಿಗವ್ವನನ್ನೇ ಕೇಳಿ ಬರೆದುಕೊಳ್ಳತೊಡಗಿದರು. ಡೇರಿಯ ಸಂಘದ ಹೆಂಗಸರನ್ನು ಅವಳು ಕೂಗಿ ಕರೆದಳು. ಹನ್ನೊಂದು ಹೆಸರು ಬಂದವು. ಹನ್ನೆರಡನೆಯದಕ್ಕೆ, ಹಾಯುವ ಚಟವಿರುವ ಕೆಳಗಿನ ಓಣಿಯ ಒಂದು ಎಮ್ಮೆಯನ್ನು ಯಾರು ಹಿಡಿಯಬೇಕು ಎಂಬುದರ ಮೇಲೆ ಇಬ್ಬರಿಗೆ ಜಗಳ ಹತ್ತಿತು; ದೀಪ ಹಚ್ಚುವ ಹೊತ್ತಾದರೂ ಅದು ಹರಿಯಲಿಲ್ಲ, ನನಗೆ ಹುಬ್ಬಳ್ಳಿಯ ಬಸ್ಸಿಗೆ ಹೊತ್ತಾಯಿತು. ಹೊರಡುವ ಮುಂಚೆ ಕೊಟ್ಟಿಗೆಯ ಕಡೆಯಿಂದ ಮೊಳೆ ಬಡಿಯುವ ಸದ್ದು ಕೇಳಿಸುತ್ತಿತ್ತು.